ಕಸ ಬೀಳುವ ಮರ ಇದೆಯಾ?

ಕೌಂಟರಿನಲ್ಲಿ ಕೂತಿದ್ದ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಮೇಡಂ, ಬಂದೋರೆಲ್ಲ ಕಸ ಬೀಳದೆ ಇರೋ ಗಿಡ ಕೇಳ್ತಾರೆ. ನಿಮಗೆ ಬೀಳೋದೇ ಬೇಕಾ?”

ಹೌದು ಮಾರಾಯ, ಬೀಳೋದೇ ಬೇಕು. ಸುಮ್ಮನೆ ಬಿದ್ದರೆ ಸಾಲದು, ಬಣ್ಣ ತಿರುಗಿ ಬೀಳಬೇಕು.

ಇದು ಎರಡು ವರ್ಷದ ಹಿಂದೆ, ಜೂನ್ ಮೊದಲ ವಾರದ ಮಾತು. ಶಿವಮೊಗ್ಗ ಪೇಟೆಯಿಂದ ಆಚೆಗಿರುವ ಒಂದು ಖಾಸಗಿ ನರ್ಸರಿ. ಹೆಸರು ಬರೆಯುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. ಗಿಡ ತಂದ ವಾರಕ್ಕೇ ಫೋಟೋ ಹಾಕಿ ಐದು ಸ್ಟಾರ್ ಕೊಡುವವರನ್ನು ಕಂಡರೆ ನನಗೆ ನಗು. ಸೀರೆಯ ಬಣ್ಣ ಒಂದು ಒಗೆತಕ್ಕೆ ಗೊತ್ತಾಗುತ್ತದೆ. ಮರಕ್ಕೆ ಎರಡು ಬೇಸಿಗೆಯಾದರೂ ಬೇಕು. ನಮ್ಮನೆಯದು ದಾಟಿತು, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹುಚ್ಚು ಹತ್ತಿದ್ದು ಮಗಳ ಬಾಣಂತನಕ್ಕೆ ಬಾಸ್ಟನ್‌ಗೆ ಹೋದಾಗ. ಅಕ್ಟೋಬರಿನಲ್ಲಿ ಒಂದು ದಿನ ಅಳಿಯ ವರ್ಮಾಂಟ್ ಕಡೆ ಕಾರಿನಲ್ಲಿ ಸುತ್ತಿಸಿದ. ಶುಗರ್ ಮೇಪಲ್ ಆ ರಾಜ್ಯದ ಮರವಂತೆ. ಒಂದೊಂದು ಮರವೂ ಅರಿಶಿನ ಕುಂಕುಮ ಎರಡನ್ನೂ ಒಟ್ಟಿಗೆ ಮೈಗೆ ಬಳಿದುಕೊಂಡು ನಿಂತಿತ್ತು. ಎಲೆ ನೋಡಲೆಂದೇ ಜನ ದುಡ್ಡು ಖರ್ಚು ಮಾಡಿ ಬರುತ್ತಾರೆ, ಲಾಡ್ಜುಗಳಲ್ಲಿ ಜಾಗ ಸಿಗುವುದಿಲ್ಲ. ನನಗೆ ನೆನಪಾದದ್ದು ತವರುಮನೆಯ ಅಜ್ಜಿ. ಸಾಗರದ ಕಡೆಯವಳು, ಸೊಪ್ಪಿನಬೆಟ್ಟದಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಬುಟ್ಟಿಗಟ್ಟಲೆ ಕೊಟ್ಟಿಗೆಗೆ ಹೊತ್ತವಳು. ಅವಳು ಬಂದಿದ್ದರೆ “ಇಷ್ಟು ದರಗು ದಂಡ ಮಾಡ್ತಾರಲ್ಲ” ಎಂದು ಮರುಗುತ್ತಿದ್ದಳು.

ಆ ಬಣ್ಣ ಹೇಗೆ ಬರುತ್ತದೆಂದು ಅಳಿಯ ದಾರಿಯುದ್ದಕ್ಕೂ ಹೇಳಿದ. ಹಗಲು ಗಿಡ್ಡವಾಗುತ್ತಿದ್ದಂತೆ ಮರ ಎಲೆಯ ಹಸಿರನ್ನು ಒಡೆದು ಒಳಗೆಳೆದುಕೊಳ್ಳುತ್ತದೆ. ಹಳದಿ ಮೊದಲಿನಿಂದಲೂ ಎಲೆಯಲ್ಲೇ ಇರುತ್ತದೆ, ಹಸಿರು ಹೋದಾಗ ಕಾಣುತ್ತದೆ ಅಷ್ಟೆ. ಕೆಂಪು ಹಾಗಲ್ಲ; ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆಗ ಹೊಸದಾಗಿ ತಯಾರಾಗುವುದು. ಹಗಲು ಒಳ್ಳೆ ಬಿಸಿಲು, ರಾತ್ರಿ ಹಿಮ ಕಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಜೋರು. ಆಗಲೇ ನನಗೆ ಅರ್ಥವಾಗಿತ್ತು, ಈ ಮರ ನಮ್ಮೂರಿಗೆ ಆಗುವುದಲ್ಲ ಎಂದು.

ಆದರೆ ನಮ್ಮಲ್ಲಿ ಎಲೆ ಬಣ್ಣ ತಿರುಗುವುದೇ ಇಲ್ಲವೇ? ಊರಿಗೆ ಬಂದ ಮೇಲೆ ಒಂದು ವರ್ಷ ಪೂರ್ತಿ ಇದನ್ನೇ ನೋಡಿದೆ. ಪಂಚಾಂಗದ ಶರದೃತುವಿನಲ್ಲಿ ಮಲೆನಾಡು ಹಸಿರೋ ಹಸಿರು. ಭೂಮಿ ಹುಣ್ಣಿಮೆಗೆ ಗದ್ದೆಯಲ್ಲಿ ಭತ್ತ ಬಸಿರು, ಒಂದು ಎಲೆಯೂ ಅಲುಗುವುದಿಲ್ಲ. ನಮ್ಮ ಮರಗಳು ಎಲೆ ಬಿಡುವುದು ಪುಷ್ಯ ಮಾಘದಲ್ಲಿ, ಅದೂ ಚಳಿಗೆ ಹೆದರಿ ಅಲ್ಲ, ನೀರಿಗೆ. ಮಳೆ ನಿಂತು ನೆಲ ಒಣಗುತ್ತಾ ಬಂದಂತೆ ಎಲೆ ಕಳಚಿ ಇರುವ ನೀರನ್ನು ಉಳಿಸಿಕೊಳ್ಳುತ್ತವೆ. ಜನವರಿ ಕೊನೆಗೆ ಆಯನೂರಿನ ಕಡೆ ಬಸ್ಸಿನಲ್ಲಿ ಹೋಗಿ ನೋಡಿ: ತೇಗ ಬೋಳು, ಮತ್ತಿ ಮರದ ಮೊಸಳೆ ಚರ್ಮದಂಥ ತೊಗಟೆ, ನಂದಿ ಮರದ ಬಿಳಿ ನುಣುಪು ಮೈ, ಎಲ್ಲವೂ ಆಗಲೇ ಕಾಣುವುದು. ಅದೇ ದಿನ ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋದರೆ ಕಾಡು ಹಸಿರಾಗಿಯೇ ಇರುತ್ತದೆ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ, ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಇಲ್ಲ. ನೂರು ಕಿಲೋಮೀಟರಿನೊಳಗೆ ಎರಡು ಋತು.

ಇನ್ನೊಂದು ಬಣ್ಣವಿದೆ, ಅದು ವರ್ಮಾಂಟಿನವರಿಗೆ ಗೊತ್ತಿಲ್ಲ. ನಮ್ಮ ಕೆಂಪು ಹೆಚ್ಚಾಗಿ ಚಿಗುರಿನದು. ಫಾಲ್ಗುಣದ ಉರಿಬಿಸಿಲಿನಲ್ಲಿ, ಮಳೆ ಇನ್ನೂ ದೂರ ಇರುವಾಗ, ಸಾಗಡೆ ಮರ ಇದ್ದಕ್ಕಿದ್ದಂತೆ ಕೆಂಪು ಚಿಗುರು ಹೊದ್ದುಕೊಳ್ಳುತ್ತದೆ. ದೂರದಿಂದ ನೋಡಿ ಹೂವೆಂದುಕೊಂಡವರು ಬಹಳ. ನಾಗಸಂಪಿಗೆಯ ಎಳೆ ಎಲೆಯೂ ಹಾಗೇ. ಎಳೆಯ ಎಲೆ ಬಲಿಯುವವರೆಗೆ ಈ ಕೆಂಪೇ ಅದಕ್ಕೆ ಬಿಸಿಲಿನಿಂದ ಕಾಪು.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ನರ್ಸರಿಗೆ ಹೋದವಳು ನಾನು.

ಜಾಗ ಚೆನ್ನಾಗಿದೆ. ಶೇಡ್ ನೆಟ್ಟಿನ ಕೆಳಗೆ ಕೆಸರಿಲ್ಲದ ದಾರಿ, ಕವರುಗಳು ಸಾಲಾಗಿ, ಕುಡಿಯುವ ನೀರು, ಗಾಡಿ ನಿಲ್ಲಿಸಲು ಜಾಗ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಕಸಿ ಮಾವು, ಜಾಯಿಕಾಯಿ ಇವುಗಳ ವಿಷಯದಲ್ಲಿ ಅಲ್ಲಿಯವರು ಪಂಡಿತರು. ತೋಟದವರು ಕಣ್ಣು ಮುಚ್ಚಿಕೊಂಡು ಹೋಗಬಹುದು. ಅಂಗಳದ ಮರ ಕೇಳಿದರೆ ಮಾತ್ರ ತಡಬಡಾಯಿಸುತ್ತಾರೆ.

ಬಣ್ಣದ ಎಲೆ ಎಂದ ಕೂಡಲೇ ಹುಡುಗ ಮೊಬೈಲು ತೆಗೆದು ಕೆಂಪು ಮರದ ಚಿತ್ರ ತೋರಿಸಿದ. “ಜಪಾನೀಸ್ ಮೇಪಲ್ ಮೇಡಂ, ಇಲ್ಲೂ ಬರುತ್ತೆ, 1,800 ರೂಪಾಯಿ.” ಏಪ್ರಿಲಿನ ಬಿಸಿಲಿಗೆ ಇದರ ಗತಿ ಏನು ಅಂದೆ. “ನೆರಳಲ್ಲಿಡಿ, ಸಂಜೆ ನೀರು ಸ್ಪ್ರೇ ಮಾಡಿ.” ಅಂಗಳದ ಮರಕ್ಕೆ ಬೀಸಣಿಗೆ ಹಿಡಿದು ಕೂರಲು ನನಗೆ ಪುರುಸೊತ್ತಿಲ್ಲ. ಚಳಿಗಾಲದಲ್ಲಿ ಗಟ್ಟಿಯಾಗಿ ಮಲಗಿ ಏಳುವ ಜಾತಿ ಅದು. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಹತ್ತುವುದಿಲ್ಲ. ಮಾರುವವರು ಇದನ್ನು ಹೇಳಬೇಕಿತ್ತು. ಇದು ನನ್ನ ಮೊದಲ ತಕರಾರು.

ಎರಡನೆಯದು ಹೆಸರಿನದು. ಹೊಳೆದಾಸವಾಳ ಇದೆಯಾ ಎಂದರೆ ನನ್ನನ್ನು ಸೀದಾ ದಾಸವಾಳದ ಸಾಲಿಗೆ ಕರೆದುಕೊಂಡು ಹೋದ. ಕೆಂಪು, ಹಳದಿ, ಎರಡು ಸುತ್ತಿನದು, ಎಲ್ಲಾ ಇದೆ, ನಾನು ಕೇಳಿದ್ದು ಬಿಟ್ಟು! ಪೈಪು ಹಿಡಿದು ನೀರು ಬಿಡುತ್ತಿದ್ದ ಹೆಂಗಸು ಅಲ್ಲಿಂದಲೇ ಕೂಗಿದಳು: “ಅದಲ್ವೋ, ಅಮ್ಮ ಕೇಳ್ತಿರೋದು ಹಳ್ಳದ ದಂಡೆ ಮರ. ಹಿಂದ್ಗಡೆ ಐತೆ, ಬನ್ನಿ ಅಮ್ಮ.” ಹಿಂದೆ ಹೋದರೆ ಇಪ್ಪತ್ತು ಮೂವತ್ತು ಸಸಿ, ಮೇಲೆ ‘ಪ್ರೈಡ್ ಆಫ್ ಇಂಡಿಯಾ’ ಎಂಬ ಚೀಟಿ. ನಮ್ಮ ಹಳ್ಳದ ಮರಕ್ಕೆ ನಮ್ಮೂರಲ್ಲೇ ಈ ಹೆಸರು.

ಅಲ್ಲಿಂದ ಮುಂದೆ ನನ್ನ ವ್ಯಾಪಾರವೆಲ್ಲ ಆ ಹೆಂಗಸಿನ ಜೊತೆ. ಹೊಸನಗರದ ಕಡೆಯವಳಂತೆ. ನನ್ನ ಅಂಗಳದ ಅಳತೆ ಮೊದಲು ಕೇಳಿದವಳು ಅವಳೇ. ಮನೆಯ ಪೂರ್ವಕ್ಕೆ ಗೋಡೆಯಿಂದ ಕಾಂಪೌಂಡಿಗೆ 18 ಅಡಿ, ರಸ್ತೆ ಬದಿಯಲ್ಲಿ ಕರೆಂಟು ತಂತಿ, ಉತ್ತರದ ಮೂಲೆಯಲ್ಲಿ ಸಂಪು.

ಬಾದಾಮಿ ಮರ ಹೇಗೆ, ಅದರಷ್ಟು ಚೆಂದ ಕೆಂಪಾಗಿ ಉದುರುವ ಎಲೆ ಇನ್ನೊಂದಿಲ್ಲವಲ್ಲ ಅಂದೆ. “ಚೆಂದ ಹೌದು. ಆದ್ರೆ ಅದು ಕೊಡೆ ಬಿಚ್ಚಿದ ಹಾಗೆ ಅಡ್ಡಕ್ಕೇ ಹೋಗ್ತದೆ. ಬಾವಲಿ ಬಂದು ಕಾಯಿ ತಿಂದು ಪಕ್ಕದ ಮನೆ ಕಾರಿನ ಮೇಲೆ ಹಾಕ್ತದೆ, ಜಗಳ ನಿಮಗೆ.” ಸಾಗಡೆ? “ಅದು ಕಾಡಿಗೆ ಸೈ. ನೀವು ನೆಟ್ಟರೆ ನಿಮ್ಮ ಮೊಮ್ಮಗು ನೋಡ್ತದೆ.” ನಾಗಸಂಪಿಗೆಯೂ ಅಷ್ಟೇ ನಿಧಾನ, ಮೇಲಾಗಿ ಅದು ನಿತ್ಯಹಸಿರು, ನನ್ನ ಉದುರುವ ಆಸೆ ತೀರುವುದಿಲ್ಲ. ಕಕ್ಕೆ ಆಗಬಹುದಿತ್ತು; ಹೂವು ಬಂಗಾರ, ಎಲೆಗೆ ಮಾತ್ರ ಅಂಥ ಬಣ್ಣವಿಲ್ಲ. ಸೀತೆ ಅಶೋಕ ಕೇಳಿದೆ, ಅದರ ತಾಮ್ರಬಣ್ಣದ ಚಿಗುರು ಒದ್ದೆ ಬಟ್ಟೆಯಂತೆ ಜೋತುಬೀಳುವುದನ್ನು ನೋಡಲೆಂದು. ಅಲ್ಲಿದ್ದದ್ದು ಕಂಬದಂತೆ ನೆಟ್ಟಗೆ ಹೋಗುವ ಅಶೋಕ. ಅದು ಬೇರೆಯೇ ಮರ, ಹೆಸರೊಂದೇ ಅಶೋಕನದು.

ಕೊನೆಗೆ ಉಳಿದದ್ದು ಹೊಳೆದಾಸವಾಳವೇ. ಏಪ್ರಿಲ್ ಮೇ ತಿಂಗಳಲ್ಲಿ ನೇರಳೆ ಹೂವಿನ ಗೊಂಚಲು, ಚಳಿಗಾಲ ಕಳೆಯುವಾಗ ತಾಮ್ರಕ್ಕೆ ತಿರುಗಿ ಉದುರುವ ಎಲೆ, ಕತ್ತರಿಸಿದರೆ ಮತ್ತೆ ಚಿಗುರುವ ಗುಣ. ಮಹಾರಾಷ್ಟ್ರದವರು ಇದನ್ನು ತಾಮ್ಹಣ ಎನ್ನುತ್ತಾರೆ, ಅವರ ರಾಜ್ಯಪುಷ್ಪವೂ ಇದೇ.

ಏಳಡಿ ಎತ್ತರದ್ದು 650 ರೂಪಾಯಿ, ಎರಡೂವರೆ ಅಡಿಯದು 120. ಹೆಂಗಸು ಸಣ್ಣದು ತಗೊಳ್ಳಿ ಅಂದಳು. ನಮ್ಮನೆಯವರಿಗೆ ದೊಡ್ಡದೇ ಬೇಕು, ನಮಗೇನು ಇನ್ನು ಐವತ್ತು ವರ್ಷ ಆಯುಸ್ಸಾ ಅನ್ನುವ ಲೆಕ್ಕ. ಜಗಳ ಬೇಡವೆಂದು ಎರಡೂ ತಂದೆವು. ಆಟೋಗೆ 200. ಏಳಡಿಯದನ್ನು ಮಲಗಿಸಿ, ಒದ್ದೆ ಗೋಣಿ ಸುತ್ತಿ ಕಟ್ಟಿಕೊಟ್ಟರು. ಪ್ಯಾಕಿಂಗಿಗೆ ಹೆಸರಿಡುವ ಹಾಗಿಲ್ಲ.

ಎರಡಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಮೊದಲೇ ತೋಡಿಸಿ ಬಿಸಿಲಿಗೆ ಬಿಟ್ಟಿದ್ದೆ. ಸಣ್ಣದನ್ನು ಗೋಡೆಯಿಂದ 12 ಅಡಿ ದೂರಕ್ಕೆ, ದೊಡ್ಡದನ್ನು ಗೇಟಿನ ಹತ್ತಿರ. ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು, ಗೆದ್ದಲಿಗೆಂದು ಒಂದು ಹಿಡಿ ಬೇವಿನ ಹಿಂಡಿ. ದೊಡ್ಡದರ ಕವರು ಹರಿದಾಗಲೇ ನನ್ನ ಎದೆ ಧಸಕ್ಕೆಂದಿತು. ಬೇರು ಮಣ್ಣಿನ ಸುತ್ತ ಸಿಂಬೆಯಂತೆ ಸುತ್ತಿಕೊಂಡು ನಿಂತಿತ್ತು. ವರ್ಷಗಟ್ಟಲೆ ಒಂದೇ ಕವರಿನಲ್ಲಿ ಇಟ್ಟರೆ ಹಾಗೇ ಆಗುವುದು. ನೆಲಕ್ಕಿಟ್ಟ ಮೇಲೂ ಬೇರು ಆ ಸುತ್ತು ಬಿಟ್ಟು ಹೊರಗೆ ಹೋಗಲು ಒಪ್ಪುವುದಿಲ್ಲ. ಸುತ್ತಿದ ಬೇರನ್ನು ಕತ್ತಿಯಿಂದ ಮೂರು ಕಡೆ ಸೀಳಿ ನೆಟ್ಟೆ. ಮಳೆಗಾಲ ಪೂರ್ತಿ ಹಸಿರಾಗಿತ್ತು, ಮಾರ್ಚಿಗೆ ತುದಿಯಿಂದ ಒಣಗಿತು. ಕಿತ್ತಾಗ ಬೇರು ಬಂದ ಹಾಗೆಯೇ ಇತ್ತು, ಸಿಂಬೆ ಸಿಂಬೆ.

ಸತ್ತ ಗಿಡದ ಫೋಟೋ ಹಿಡಿದು ಹೋದೆ. “ನೀರು ಕಡಿಮೆ ಆಗಿರಬೇಕು” ಎಂದರು ಯಜಮಾನರು, ಫೋಟೋ ಸರಿಯಾಗಿ ನೋಡದೆಯೇ. ಬೇರಿನ ಚಿತ್ರ ದೊಡ್ಡದು ಮಾಡಿ ತೋರಿಸಿದ ಮೇಲೆ ಸ್ವಲ್ಪ ಸುಮ್ಮನಾದರು. ದುಡ್ಡು ವಾಪಸ್ ಇಲ್ಲ, ಬೇರೆ ಗಿಡ ಅರ್ಧ ಬೆಲೆಗೆ ಕೊಡುತ್ತೇನೆ ಅಂದರು. ಅಷ್ಟಾದರೂ ಅಂದರಲ್ಲ ಎಂದು ಬಂದೆ. ನೀವು ಯಾವ ನರ್ಸರಿಗೇ ಹೋಗಿ, ಕವರಿನ ತಳದ ತೂತು ನೋಡಿ. ದಪ್ಪ ಬೇರು ಹೊರಗಿಣುಕಿ ನೆಲ ಕಚ್ಚಿದ್ದರೆ ಆ ಗಿಡ ಬೇಡ, ಎಷ್ಟೇ ಎತ್ತರವಿರಲಿ.

120 ರೂಪಾಯಿಯದು? ಅದು ಈಗ ಒಂಬತ್ತು ಅಡಿ. ಮೊದಲ ವರ್ಷ ಗೂಟ ಕೊಟ್ಟಿದ್ದೆ, ಈಗ ಬೇಕಿಲ್ಲ. ಹೂವು ಬಿಟ್ಟಿಲ್ಲ, ಬೀಜದಿಂದ ಬಂದ ಸಸಿ, ಇನ್ನೂ ಕೆಲವು ವರ್ಷ ಕಾಯಬೇಕು. ಈ ಜನವರಿಯಲ್ಲಿ ಕೆಳಗಿನ ಕೊಂಬೆಯ ಎಲೆಗಳು ಮೊದಲು ತಿರುಗಿದವು. ನಡುನರ ಹಸಿರಾಗಿಯೇ ಇದ್ದು ಅಂಚಿನಿಂದ ಕೆಂಪು ಒಳಗೆ ಬಂತು. ಹುಳಿ ಹಾಕಿ ತಿಕ್ಕಿದ ಹಂಡೆಯ ಬಣ್ಣ. ಸುಳ್ಳು ಹೇಳಬಾರದು, ವರ್ಮಾಂಟಿನ ಹಾಗೆ ಇಡೀ ಮರ ಒಮ್ಮೆಗೇ ಹೊತ್ತಿಕೊಳ್ಳುವುದಿಲ್ಲ. ಇವತ್ತು ನಾಲ್ಕು ಎಲೆ, ನಾಳೆ ಆರು. ಬೆಳಿಗ್ಗೆ ರಂಗೋಲಿ ಹಾಕಲು ಹೋದವಳು ಕೆಂಪಾದವನ್ನು ಎಣಿಸಿ ಬರುತ್ತೇನೆ, ಕಾಫಿ ಆರುತ್ತದೆ, ಇವರು ಗೊಣಗುತ್ತಾರೆ. ಪಕ್ಕದ ಮನೆಯಾಕೆ ತಮ್ಮ ಪೋರ್ಟಿಕೋಗೆ ಎಲೆ ಬರುತ್ತದೆ ಎಂದರು. ನಾನೇ ಹೋಗಿ ಗುಡಿಸಿ ತಂದು ಮಲ್ಲಿಗೆ ಬುಡಕ್ಕೆ ಹಾಕುತ್ತೇನೆ. ಅಜ್ಜಿಯ ದರಗು ದಂಡವಾಗಲಿಲ್ಲ.

ನರ್ಸರಿಗೆ ಐದಕ್ಕೆ ಮೂರು. ಮೇಪಲ್‌ಗೆ ಒಂದು ಕಳೆದೆ, ಸಿಂಬೆ ಬೇರಿಗೆ ಇನ್ನೊಂದು. ನೀರು ಬಿಡುತ್ತಿದ್ದ ಆ ಹೆಂಗಸಿಗೆ ಪೂರ್ತಿ ಐದು, ಅವಳನ್ನು ಕೌಂಟರಿನಲ್ಲಿ ಕೂರಿಸಿದರೆ ಅಂಗಡಿಗೂ ಐದೇ ಆಗುತ್ತಿತ್ತು. ಕಡಿಮೆ ದುಡ್ಡಿನವರು, ಹೆಚ್ಚು ಗಿಡ ಬೇಕಾದವರು ಮಳೆ ಹಿಡಿಯುವ ಹೊತ್ತಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮೊದಲು ವಿಚಾರಿಸಿ. ಕಾಡುಜಾತಿಯ ಸಸಿಗಳು ಅಲ್ಲಿ ಅಗ್ಗ.

ಗೇಟಿನ ಹತ್ತಿರದ ಗುಂಡಿ ಇನ್ನೂ ಖಾಲಿ ಇದೆ. ಅರ್ಧ ಬೆಲೆಯ ಮಾತು ಉಳಿಸಿಕೊಳ್ಳುತ್ತಾರೋ ನೋಡಬೇಕು. “ಸೀತೆ ಅಶೋಕದ ಬೀಜ ಹಾಕಿದ್ದೇನೆ, ಜೂನಿಗೆ ಮೊಣಕಾಲುದ್ದ ಆಗ್ತದೆ” ಎಂದು ನೀರು ಬಿಡುವ ಆ ಹೆಂಗಸು ಹೇಳಿದ್ದಾಳೆ. ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಆಮೇಲೆ ಅವಳು ಊಟಕ್ಕೆ ಮನೆಗೆ ಹೋಗುತ್ತಾಳೆ, ಮತ್ತೆ ಮೊಬೈಲು ಹಿಡಿದ ಹುಡುಗನೇ ಸಿಗುವುದು.