ಡಬ್ಬಿ ಮೇಲಿನ ನಂಬರ್ ನೋಡಿ ಟಾರ್ಕ್ ಕನ್ವರ್ಟರ್ ತಗೊಳ್ಳಬೇಡಿ

ಗಾಡಿ ಮಾಡಿಫೈ ಮಾಡಿಸುವ ಗೆಳೆಯರೆಲ್ಲ ಇದನ್ನು ದಯವಿಟ್ಟು ಪೂರ್ತಿ ಓದಿ. ನಾನು ಗೇರ್‌ಬಾಕ್ಸ್ ಒಂದನ್ನು ಸುಟ್ಟುಕೊಂಡ ಮೇಲೆ ಬರೆಯುತ್ತಿದ್ದೇನೆ. ಟಾರ್ಕ್ ಕನ್ವರ್ಟರ್ ಅಂದರೆ ಆಟೋಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ.

ನಾನಿರುವುದು ಡಲ್ಲಾಸ್‌ನಲ್ಲಿ. ಗಾಡಿ 2002ರ ಕಮಾರೋ ಎಸ್‌ಎಸ್. 5.7 ಲೀಟರ್ ಎಲ್‌ಎಸ್1 ಎಂಜಿನ್, 4ಎಲ್60ಇ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಹೋದ ವರ್ಷ ದೊಡ್ಡ ಕ್ಯಾಮ್ (ಎಂಜಿನ್ನಿನ ವಾಲ್ವ್ ತೆರೆಸುವ ಶಾಫ್ಟ್) ಹಾಕಿಸಿದೆ. ಅಲ್ಲಿಂದ ತೊಂದರೆ ಶುರುವಾಯಿತು. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತರೆ ಗಾಡಿ ಮುಂದಕ್ಕೆ ತಳ್ಳುತ್ತಿತ್ತು, ಗಡಗಡ ನಡುಗಿ ಆಫ್ ಆಗುತ್ತಿತ್ತು. ಅಂಥ ಕ್ಯಾಮ್‌ಗೆ ಜೀವ ಬರುವುದೇ 2,500 ಆರ್‌ಪಿಎಂ ದಾಟಿದ ಮೇಲೆ. ಕಂಪನಿಯಿಂದ ಬಂದ ಕನ್ವರ್ಟರ್ 1,800ರ ಆಸುಪಾಸಿನಲ್ಲೇ ಎಂಜಿನ್ನನ್ನು ಹಿಡಿದುಬಿಡುತ್ತದೆ. ಹಾಗಾಗಿ ಜಾಸ್ತಿ ಸ್ಟಾಲ್ (ಕನ್ವರ್ಟರ್ ಎಂಜಿನ್ನನ್ನು ಹಿಡಿಯುವ ಆರ್‌ಪಿಎಂ) ಇರುವ ಕನ್ವರ್ಟರ್ ಬೇಕು ಅಂದುಕೊಂಡೆ. ಅಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗಿಯೇ ಇತ್ತು.

ಒಂದು ಅಂಗಡಿಗೆ ಹೋದೆ. "ಕ್ಯಾಮ್ ಹಾಕಿಸಿದ್ದೀರಾ? ಹಾಗಾದರೆ 4,000 ಸ್ಟಾಲ್ ತಗೊಳ್ಳಿ" ಅಂತ ಕಪಾಟಿನಿಂದ ಡಬ್ಬಿ ಇಳಿಸಿಯೇ ಬಿಟ್ಟರು. ಗಾಡಿ ತೂಕ ಎಷ್ಟು, ಹಿಂದಿನ ಆಕ್ಸಲ್‌ನ ಗೇರ್ ಎಷ್ಟು, ಟೈರ್ ಯಾವುದು, ದಿನಾ ಓಡಿಸುತ್ತೀರಾ, ಡ್ರ್ಯಾಗ್ ಸ್ಟ್ರಿಪ್‌ಗೆ ಮಾತ್ರವಾ? ಒಂದು ಮಾತೂ ಕೇಳಲಿಲ್ಲ. ಅಳತೆಯನ್ನೇ ತಗೊಳ್ಳದೆ ಅಂಗಿ ಹೊಲಿದುಕೊಟ್ಟ ಹಾಗೆ. ನಾನು ಅವತ್ತೇ ಎದ್ದು ಬರಬೇಕಿತ್ತು. 450 ಡಾಲರ್‌ಗೆ ಸಿಗುತ್ತಿದೆಯಲ್ಲ ಅಂತ ತಗೊಂಡೆ, ಅವರ ಹತ್ತಿರವೇ ಹಾಕಿಸಿದೆ.

ಊರೊಳಗೆ ಓಡಿಸಿದಾಗ ತುಂಬಾ ಖುಷಿಯಾಯಿತು. ಕಾಲಿಟ್ಟರೆ ಎಂಜಿನ್ ಭರ್ರನೆ ಮೇಲೇಳುತ್ತಿತ್ತು. ಎರಡನೇ ದಿನ ಚೆಕ್ ಎಂಜಿನ್ ಲೈಟ್ ಬಂತು. ವಾಪಸ್ ಹೋದರೆ ಲ್ಯಾಪ್‌ಟಾಪ್ ಸಿಕ್ಕಿಸಿ ಹತ್ತು ನಿಮಿಷದಲ್ಲಿ ಲೈಟ್ ಆರಿಸಿಕೊಟ್ಟರು. ಏನು ಮಾಡಿದಿರಿ ಅಂದಾಗ "ಚಿಕ್ಕ ಟ್ಯೂನಿಂಗ್" ಅಂದರು.

ಆಗಸ್ಟ್‌ನಲ್ಲಿ ಹೆಂಡತಿಯ ಜೊತೆ ಹ್ಯೂಸ್ಟನ್‌ಗೆ ಹೊರಟೆ. ಐ-45 ರಸ್ತೆ, ಸುಮಾರು 240 ಮೈಲಿ. ಹೊರಗೆ ಬೆಂಕಿಯಂಥ ಬಿಸಿಲು. ಗಂಟೆಗೆ 70 ಮೈಲಿ ವೇಗದಲ್ಲಿ ನನ್ನ ಗಾಡಿ ಮೊದಲು 2,100 ಆರ್‌ಪಿಎಂ ಒಳಗೇ ಇರುತ್ತಿತ್ತು. ಈಗ ಮುಳ್ಳು 2,800 ತೋರಿಸುತ್ತಿತ್ತು. ದೊಡ್ಡ ಸ್ಟಾಲ್ ಅಂದರೆ ಹೀಗೇ ಇರಬೇಕು ಅಂತ ಸುಮ್ಮನಾದೆ. ಮ್ಯಾಡಿಸನ್‌ವಿಲ್ ಹತ್ತಿರ ಬರುವಾಗ ಏನೋ ಸೀದ ವಾಸನೆ. ಓವರ್‌ಡ್ರೈವ್, ಅಂದರೆ ನಾಲ್ಕನೇ ಗೇರ್, ಹೋಯಿತು. ಸ್ವಲ್ಪ ಹೊತ್ತಿಗೆ ಮೂರನೇ ಗೇರೂ ಹಿಡಿಯಲಿಲ್ಲ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಪಕ್ಕಕ್ಕೆ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ಬಿಳಿ ಟಿಶ್ಯೂ ಮೇಲೆ ಒರೆಸಿದೆ. ಕೆಂಪಗೆ ಇರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ ಆಗಿತ್ತು. ಬೆರಳಿಗೆ ಸಣ್ಣ ಕಪ್ಪು ಪುಡಿ ತಾಗಿತು. ಅದು ಗೇರ್‌ಬಾಕ್ಸ್ ಒಳಗಿನ ಕ್ಲಚ್ ಸವೆದು ಉದುರಿದ ಪುಡಿ.

ಬೇರೆ ಕಡೆ ಗೇರ್‌ಬಾಕ್ಸ್ ಬಿಚ್ಚಿಸಿದಾಗ ಎಲ್ಲ ಗೊತ್ತಾಯಿತು. ನನಗೆ ಕೊಟ್ಟಿದ್ದು ಲಾಕಪ್ ಕ್ಲಚ್ ಇಲ್ಲದ, ರೇಸ್‌ಗೆ ಹಾಕುವ ಕನ್ವರ್ಟರ್. ಗಾಡಿಯ ಕಂಪ್ಯೂಟರ್ ಕನ್ವರ್ಟರನ್ನು ಲಾಕ್ ಮಾಡಲು ಹೋಗಿ, ಆಗದೆ ಲೈಟ್ ಹಾಕಿತ್ತು. ಮೊದಲ ಅಂಗಡಿಯವರು ಆ ಎಚ್ಚರಿಕೆಯನ್ನೇ ಮುಚ್ಚಿಹಾಕಿದ್ದರು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಲಾಕಪ್ ಯಾಕೆ ಬೇಕು ಅಂದರೆ, ಕನ್ವರ್ಟರ್ ಒಳಗೆ ಎಂಜಿನ್ನಿನಿಂದ ತಿರುಗುವ ರೆಕ್ಕೆಗಳು ಎಣ್ಣೆ ಚಿಮ್ಮುತ್ತವೆ, ಆ ಎಣ್ಣೆಯ ಹೊಡೆತಕ್ಕೆ ಗೇರ್‌ಬಾಕ್ಸ್ ಕಡೆಯ ರೆಕ್ಕೆಗಳು ತಿರುಗುತ್ತವೆ. ನಡುವೆ ಜಾರಿದಷ್ಟೂ ಬಿಸಿ. ಹೈವೇಯಲ್ಲಿ ಲಾಕಪ್ ಕ್ಲಚ್ ಕಚ್ಚಿಕೊಂಡರೆ ಎರಡೂ ಒಟ್ಟಿಗೆ ತಿರುಗುತ್ತವೆ, ಜಾರುವುದು ನಿಲ್ಲುತ್ತದೆ. ನನ್ನ ಆಕ್ಸಲ್‌ನ ಗೇರ್ ಅನುಪಾತ 3.23, ಮೇಲೆ 0.70 ಅನುಪಾತದ ಓವರ್‌ಡ್ರೈವ್. ಅಂದರೆ ಹೈವೇಯಲ್ಲಿ ಎಂಜಿನ್ ಯಾವಾಗಲೂ ಸ್ಟಾಲ್‌ಗಿಂತ ಎಷ್ಟೋ ಕೆಳಗೆ. ಆ ಕನ್ವರ್ಟರ್ ನೂರೈವತ್ತು ಮೈಲಿ ಒಂದೇ ಸಮನೆ ಜಾರುತ್ತಾ ಎಣ್ಣೆ ಕುದಿಸಿದೆ. 4ಎಲ್60ಇ‌ಯಲ್ಲಿ ಮೂರು-ನಾಲ್ಕನೇ ಗೇರಿನ ಕ್ಲಚ್ ಮೊದಲೇ ಬಲಹೀನ. ಅದೇ ಮೊದಲು ಸುಟ್ಟುಹೋಯಿತು. ರಿಪೇರಿಗೆ 2,800 ಡಾಲರ್, ಗಾಡಿ ಎಳೆಸಿದ್ದು ಬೇರೆ.

ಇನ್ನೊಂದು ವಿಷಯ ಆಮೇಲೆ ಕಲಿತೆ. ಡಬ್ಬಿ ಮೇಲಿನ 4,000 ಅನ್ನುವುದು ಕನ್ವರ್ಟರ್‌ಗೆ ಅಂಟಿಕೊಂಡಿರುವ ನಂಬರ್ ಅಲ್ಲ. ಸ್ಟಾಲ್ ನಿಮ್ಮ ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಮೇಲೆ ನಿಂತಿದೆ. ಅದೇ ಕನ್ವರ್ಟರ್ ಹೆಚ್ಚು ಟಾರ್ಕ್ ಇರುವ ಎಂಜಿನ್ ಹಿಂದೆ ಜಾಸ್ತಿ ತೋರಿಸುತ್ತದೆ, ಕಡಿಮೆ ಇರುವುದರ ಹಿಂದೆ ಕಡಿಮೆ. ಗೆಳೆಯನ ಗಾಡಿಯಲ್ಲಿ ಚೆನ್ನಾಗಿದೆ ಅಂತ ಅದನ್ನೇ ತಂದು ಹಾಕಿದರೆ ನಿಮ್ಮಲ್ಲಿ ಹಾಗೇ ಇರುತ್ತದೆ ಅನ್ನೋ ಹಾಗಿಲ್ಲ, ಅಲ್ವಾ?

ಎರಡನೇ ಸಲ ಕನ್ವರ್ಟರ್ ಕಟ್ಟಿಕೊಟ್ಟವರು ಮೊದಲು ಡೈನೋ ಶೀಟ್ (ಎಂಜಿನ್ನಿನ ಶಕ್ತಿ ಅಳೆದ ಹಾಳೆ) ಕೇಳಿದರು. ಆಮೇಲೆ ಕ್ಯಾಮ್ ಕಾರ್ಡ್ (ಕ್ಯಾಮ್ ಅಳತೆಗಳ ಚೀಟಿ), ಗಾಡಿಯ ತೂಕ, ಆಕ್ಸಲ್ ಗೇರ್, ಟೈರ್ ಎತ್ತರ, ಶಕ್ತಿ ಹೆಚ್ಚಿಸಲು ಟರ್ಬೋ ಅಥವಾ ನೈಟ್ರಸ್ ಹಾಕುವ ಯೋಚನೆ ಇದೆಯಾ ಅಂತ. ಅರ್ಧ ಗಂಟೆ ಮಾತಾಡಿದರು. ಕೊನೆಗೆ 3,200ರ ಸುತ್ತ ನಿಲ್ಲುವ, ಲಾಕಪ್ ಇರುವ ಕನ್ವರ್ಟರ್ ಕೊಟ್ಟರು. ರೇಡಿಯೇಟರ್ ಮುಂದೆ ಬೇರೆ ಆಯಿಲ್ ಕೂಲರ್ ಹಾಕಿಸದಿದ್ದರೆ ಮಾರುವುದೇ ಇಲ್ಲ ಅಂದರು. ಎಣ್ಣೆಯ ಬಿಸಿ ತೋರಿಸುವ ಮೀಟರನ್ನು ನಾನೇ ಕೇಳಿ ಹಾಕಿಸಿಕೊಂಡೆ. ಈಗ ಹೈವೇಯಲ್ಲಿ 185 ಡಿಗ್ರಿ ಫ್ಯಾರನ್‌ಹೀಟ್ ದಾಟುವುದಿಲ್ಲ. 220 ದಾಟಿದರೆ ಗಾಡಿ ನಿಲ್ಲಿಸಬೇಕು ಅಂತ ಹೆಂಡತಿಗೂ ಹೇಳಿಕೊಟ್ಟಿದ್ದೇನೆ.

ಫಿಟ್ ಮಾಡುವಾಗ ನೀವು ಪಕ್ಕದಲ್ಲೇ ನಿಂತಿರಿ. ಕನ್ವರ್ಟರನ್ನು ತಿರುಗಿಸುತ್ತಾ ಒಳಗೆ ತಳ್ಳಿದರೆ ಹಂತ ಹಂತವಾಗಿ ಟಕ್ ಟಕ್ ಅಂತ ಕೂರುತ್ತದೆ. ಕೊನೆಯ ಟಕ್ ಗೇರ್‌ಬಾಕ್ಸ್ ಎಣ್ಣೆ ಪಂಪ್‌ನದು, ಅದನ್ನೇ ಅವಸರದಲ್ಲಿ ಬಿಟ್ಟುಬಿಡುವುದು. ಗೇರ್‌ಬಾಕ್ಸ್ ಎಂಜಿನ್‌ಗೆ ಪೂರ್ತಿ ಕೂತ ಮೇಲೂ ಕನ್ವರ್ಟರ್ ಸಲೀಸಾಗಿ ತಿರುಗಬೇಕು, ಎಂಜಿನ್ ಹಿಂಬದಿಯ ತಟ್ಟೆಯಾದ ಫ್ಲೆಕ್ಸ್‌ಪ್ಲೇಟ್‌ಗೂ ಅದಕ್ಕೂ ನಡುವೆ 3ರಿಂದ 5 ಮಿಲಿಮೀಟರ್ ಸಂದು ಉಳಿಯಬೇಕು. ಸಂದು ಇಲ್ಲ ಅಂದರೆ ಬೋಲ್ಟ್ ಬಿಗಿದು ಎಳೆಯಲು ಬಿಡಬೇಡಿ, ಪಂಪ್ ಒಡೆದುಹೋಗುತ್ತದೆ. ಗೇರ್‌ಬಾಕ್ಸ್ ಮತ್ತೆ ಇಳಿಸಿ ಕೂರಿಸಲು ಹೇಳಿ.