ಚಾಳೀಸಿನ ಕಣ್ಣಿಗೆ ಮಲ್ಟಿಫೋಕಲ್ ಲೆನ್ಸ್: ಒಬ್ಬ ನೃತ್ಯ ಶಿಕ್ಷಕಿಯ ಅನುಭವ

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನಲವತ್ತು ದಾಟಿ ಚಾಳೀಸು ಬಂದವರು, ಅದರಲ್ಲೂ ಮೊದಲಿನಿಂದಲೂ ಮೈನಸ್ ಪವರ್ ಇದ್ದು ಲೆನ್ಸ್ ರೂಢಿಯಾದವರು, ದೂರಕ್ಕೂ ಹತ್ತಿರಕ್ಕೂ ಒಂದರಲ್ಲೇ ಪವರ್ ಇರುವ ಮಲ್ಟಿಫೋಕಲ್ ಕಾಂಟ್ಯಾಕ್ಟ್ ಲೆನ್ಸನ್ನು ಒಮ್ಮೆ ಹಾಕಿ ನೋಡಲೇಬೇಕು. ಆದರೆ ಅಂಗಡಿಯಲ್ಲಿ ಕೈಗೆ ಕೊಡುವ ಓದುವ ಚಾರ್ಟನ್ನು ನಂಬಿ ತರಬೇಡಿ. ನಿಮ್ಮ ಕೆಲಸ ಕಣ್ಣಿನಿಂದ ಎಷ್ಟು ದೂರದಲ್ಲಿ, ಎಂಥ ಬೆಳಕಿನಲ್ಲಿ ನಡೆಯುತ್ತದೆ ಎಂದು ಅಳೆದುಕೊಂಡು ಹೋಗಿ. ಆ ಕೆಲಸವನ್ನೇ ಕೈಯಲ್ಲಿ ಹಿಡಿದು ಹೋದರೆ ಇನ್ನೂ ಒಳ್ಳೆಯದು. ನಾನು ಹಿಡಿದುಕೊಂಡು ಹೋದದ್ದು ನಟುವಾಂಗದ ಪುಸ್ತಕ. ನಟುವಾಂಗ ಅಂದರೆ ಕೂತು ತಾಳ ಹಾಕುತ್ತಾ, ಬಾಯಲ್ಲಿ ಸೊಲ್ಲು ಹೇಳುತ್ತಾ ನೃತ್ಯ ನಡೆಸುವುದು.

ಮೈಸೂರಿನಲ್ಲಿ ಭರತನಾಟ್ಯ ಕಲಿಸುತ್ತೇನೆ. ವಯಸ್ಸು 48. ಬಲಗಣ್ಣು ಮೈನಸ್ 3.75, ಎಡಗಣ್ಣು ಮೈನಸ್ 4.25. ಕಾಲೇಜಿನ ಕಾಲದಿಂದ ವೇದಿಕೆಗೆ ಹತ್ತುವಾಗ ಲೆನ್ಸೇ. ಈಗೀಗ ನಾನು ಕುಣಿಯುವುದಕ್ಕಿಂತ ನಟುವಾಂಗಕ್ಕೆ ಕೂರುವುದು ಹೆಚ್ಚು. ಕೈಯಲ್ಲಿ ತಾಳ, ಎದುರಿನ ಪುಟ್ಟ ಸ್ಟ್ಯಾಂಡಿನ ಮೇಲೆ ಪುಸ್ತಕ. ಜತಿ (ಸೊಲ್ಲುಗಳ ಸಾಲು) ನೋಡಿ ಹೇಳಬೇಕು, ಮರುಕ್ಷಣವೇ ತಲೆಯೆತ್ತಿ ಹುಡುಗಿಯ ಪಾದ ನೋಡಬೇಕು. ಜತಿ ಮುಗಿಯುವ ‘ತೀರ್ಮಾನ’ದಲ್ಲಿ ಅವಳ ಪಾದ ನೆಲಕ್ಕೆ ಬೀಳುವುದೂ ನನ್ನ ತಾಳ ಕೂಡುವುದೂ ಒಂದೇ ಆಗಬೇಕು, ಕೂದಲೆಳೆ ಹಿಂದುಮುಂದಾದರೂ ಸಭೆಗೆ ಗೊತ್ತಾಗುತ್ತದೆ. ಲೆನ್ಸಿನ ಮೇಲೆ ಓದುವ ಕನ್ನಡಕ ಏರಿಸಿದರೆ ಪುಸ್ತಕ ಕಾಣುತ್ತದೆ, ಪಾದ ಮಬ್ಬು. ತೆಗೆದರೆ ಪಾದ ಸ್ಪಷ್ಟ, ಅಕ್ಷರ ಕಲಸುಮೇಲೋಗರ. ಎರಡೂ ಕೈಯಲ್ಲಿ ತಾಳ ಇರುವವರು ಕನ್ನಡಕವನ್ನು ಏರಿಸಿ ಇಳಿಸುವುದಾದರೂ ಹೇಗೆ?

ಕನ್ನಡಕ ಹಾಕುವ ಮೈನಸ್ ಪವರ್‌ನವರಿಗೆ ಒಂದು ಅನುಕೂಲ ಉಂಟು. ಓದುವಾಗ ಕನ್ನಡಕ ತೆಗೆದುಬಿಟ್ಟರೆ ಆಯಿತು, ಅಕ್ಷರ ತಾನಾಗಿ ಕಾಣುತ್ತದೆ. ಲೆನ್ಸ್ ಹಾಕಿದವರಿಗೆ ಆ ದಾರಿ ಇಲ್ಲ. ಮೇಲಾಗಿ, ಮೈನಸ್ ಪವರ್‌ನವರು ಕನ್ನಡಕ ಬಿಟ್ಟು ಲೆನ್ಸ್ ಹಾಕಿದಾಗ ಹತ್ತಿರದ್ದನ್ನು ನೋಡಲು ಕಣ್ಣು ಇನ್ನೂ ಸ್ವಲ್ಪ ಹೆಚ್ಚು ದುಡಿಯಬೇಕಾಗುತ್ತದೆ. ಹಾಗಾಗಿ ನಮಗೆ ಚಾಳೀಸು ಬೇಗ ಬಂದಂತೆ ಅನ್ನಿಸುತ್ತದೆ. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಗಡುಸಾಗಿ, ಹತ್ತಿರಕ್ಕೆ ನೋಡುವಾಗ ಉಬ್ಬಬೇಕಾದಷ್ಟು ಉಬ್ಬುವುದಿಲ್ಲ. ಇದು ರೋಗವಲ್ಲ, ಎಲ್ಲರಿಗೂ ಬರುವಂಥದ್ದು. ಆದರೆ ಹತ್ತಿರದ ದೃಷ್ಟಿ ಏಕಾಏಕಿ ಕೆಟ್ಟರೆ ಅಥವಾ ದಿನಕ್ಕೊಂದು ಥರ ಕಂಡರೆ ಚಾಳೀಸು ಅಂದುಕೊಂಡು ಸುಮ್ಮನಿರಬೇಡಿ. ರಕ್ತದಲ್ಲಿ ಸಕ್ಕರೆ ಏರುಪೇರಾದರೂ ಪವರ್ ಬದಲಾಗುತ್ತದೆ. ಲೆನ್ಸಿಗೆ ಹೋಗುವ ಮುಂಚೆ ಕಣ್ಣಿನ ಡಾಕ್ಟರ ಹತ್ತಿರ ಒಳಗಿನ ಒತ್ತಡ, ರೆಟಿನಾ ಎಲ್ಲ ತೋರಿಸಿಕೊಂಡು ಬನ್ನಿ.

ಇನ್ನು ಅಳತೆ. ಬ್ಲೌಸಿಗೆ ಅಳತೆ ತೆಗೆಯುವ ಟೇಪಿನಿಂದಲೇ ನನ್ನ ದೂರಗಳನ್ನೆಲ್ಲ ಅಳೆದೆ. ನಟುವಾಂಗದ ಪುಸ್ತಕ ಕಣ್ಣಿನಿಂದ 60 ಸೆಂಟಿಮೀಟರ್. ಮೊಬೈಲ್ 40. ಕುಣಿಯುವ ಹುಡುಗಿ ನಾಲ್ಕರಿಂದ ಐದು ಮೀಟರ್. ಗ್ರೀನ್ ರೂಮಿನಲ್ಲಿ ಮಕ್ಕಳ ಕಣ್ಣಿಗೆ ಕಾಡಿಗೆ ತಿದ್ದುವಾಗ 25 ಸೆಂಟಿಮೀಟರ್ ಇದ್ದರೆ ಹೆಚ್ಚು. ಈ ಅಂಕಿಗಳಿಂದ ಒಂದು ಸುಲಭ ಲೆಕ್ಕ ಹಾಕಬಹುದು. ದೂರವನ್ನು ಮೀಟರಿಗೆ ತಂದು 1ನ್ನು ಅದರಿಂದ ಭಾಗಿಸಿದರೆ, ಆ ದೂರ ನೋಡಲು ಕಣ್ಣಿಗೆ ಬೇಕಾದ ಹೆಚ್ಚುವರಿ ಪವರ್ ಸಿಗುತ್ತದೆ. ಪುಸ್ತಕಕ್ಕೆ ಸುಮಾರು 1.67, ಮೊಬೈಲಿಗೆ 2.50, ಕಾಡಿಗೆಗೆ ಪೂರಾ 4. ಇದರಲ್ಲಿ ಒಂದಿಷ್ಟನ್ನು ನಮ್ಮ ಕಣ್ಣು ಇನ್ನೂ ತಾನೇ ಒದಗಿಸುತ್ತಿರುತ್ತದೆ, ಉಳಿದದ್ದನ್ನು ಲೆನ್ಸ್ ಕೊಡಬೇಕು. ಹೀಗೆ ಹತ್ತಿರಕ್ಕೆಂದು ಲೆನ್ಸ್ ಸೇರಿಸಿ ಕೊಡುವ ಪವರ್‌ಗೆ ‘ಆಡ್’ ಎನ್ನುತ್ತಾರೆ, ನನ್ನ ಚೀಟಿಯಲ್ಲಿ ಬರೆದಿರುವುದು +1.75. ಅಂದರೆ ಪುಸ್ತಕ ಆರಾಮ, ಮೊಬೈಲ್ ನಡೆಯುತ್ತದೆ, ಕಾಡಿಗೆ ಕಷ್ಟ. ಲೆನ್ಸ್ ಹಾಕುವ ಮುಂಚೆಯೇ ಇಷ್ಟು ಗೊತ್ತಿದ್ದರೆ ಅತಿಯಾದ ನಿರೀಕ್ಷೆ ಇಟ್ಟುಕೊಂಡು ಬೇಸರಪಡುವ ಪ್ರಸಂಗವೇ ಬರುವುದಿಲ್ಲ.

ಮೊದಲು ಹೋದ ಅಂಗಡಿಯ ಹೆಸರು ಬೇಡ. “ಎರಡೂ ಕಣ್ಣಿಗೆ ಅರ್ಧ ನಂಬರ್ ಕಮ್ಮಿ ಮಾಡಿ ಕೊಡ್ತೀವಿ ಮೇಡಂ, ದೂರನೂ ಹತ್ರನೂ ಅಡ್ಜಸ್ಟ್ ಆಗುತ್ತೆ” ಎಂದರು. ಹೀಗೆ ಮಾಡಿದರೆ ದೂರದ್ದು ಮಸುಕಾಗುತ್ತದೆ, ಹತ್ತಿರದ್ದೂ ಪೂರ್ತಿ ಸಿಗುವುದಿಲ್ಲ. ಸ್ಕೂಟರ್ ಓಡಿಸುವವರಿಗಂತೂ ಕೊಡಲೇಬಾರದ ಸಲಹೆ ಅದು. ಕೊಂಡುಕೊಳ್ಳದೆ ಎದ್ದು ಬಂದೆ.

ಆಮೇಲೆ ಸಿಕ್ಕವರು ದೇವರಾಜ ಅರಸು ರಸ್ತೆಯ ಕಡೆ ಚಿಕ್ಕ ಕ್ಲಿನಿಕ್ ಇಟ್ಟುಕೊಂಡಿರುವ ಒಬ್ಬ ಆಪ್ಟೊಮೆಟ್ರಿಸ್ಟ್ (ದೃಷ್ಟಿ ಪರೀಕ್ಷಿಸಿ ಪವರ್ ಕೊಡುವವರು). ಅವರ ಫಿಟ್ಟಿಂಗ್ ಶುಲ್ಕ ಪ್ರತ್ಯೇಕ, ಆದರೆ ಕೊಟ್ಟ ಹಣಕ್ಕೆ ತಕ್ಕ ಕೆಲಸ. ನನ್ನ ಪುಸ್ತಕ ತೆರೆಸಿ, ಸ್ಟೂಲಿನ ಮೇಲಿಡಿಸಿ, ನಾನು ವೇದಿಕೆಯಲ್ಲಿ ಕೂರುವ ಹಾಗೆಯೇ ಕೆಳಗೆ ಕೂರಿಸಿ, ದೀಪವನ್ನೂ ತಗ್ಗಿಸಿ ನೋಡಿದರು. ದೂರಕ್ಕೆ ಯಾವ ಕಣ್ಣು ಮುಂದಾಳು ಎಂದು ತಿಳಿಯಲು ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರಲ್ಲಿ ಗೋಡೆಯ ಗಡಿಯಾರ ನೋಡಿಸಿದರು. ಒಂದೊಂದೇ ಕಣ್ಣು ಮುಚ್ಚಿದಾಗ ಗಡಿಯಾರ ಯಾವ ಕಣ್ಣಿಗೆ ಉಳಿಯುತ್ತದೋ ಅದು ಮುಂದಾಳು. ನನ್ನದು ಬಲಗಣ್ಣು. ಇದನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು.

ಮೊದಲು ಮೋನೋವಿಷನ್ ಹಾಕಿಸಿದರು. ಬಲಗಣ್ಣಿಗೆ ಪೂರ್ತಿ ದೂರದ ಪವರ್, ಎಡಗಣ್ಣಿಗೆ ಓದುವ ಪವರ್. ಲೆನ್ಸ್ ಮಾಮೂಲಿನದೇ, ಖರ್ಚೂ ಕಡಿಮೆ. ಮೊಬೈಲಿನ ಅಕ್ಷರ ಎಷ್ಟು ಚೆನ್ನಾಗಿ ಕಂಡಿತು ಅಂದರೆ ಇಷ್ಟೇ ಸಾಕು ಅನ್ನಿಸಿತು. ಕ್ಲಾಸಿನಲ್ಲಿ ಮಾತ್ರ ಆಗಲಿಲ್ಲ. ಮಗು ಮುಂದಕ್ಕೆ ಜಾರಿ ಮಂಡಿ ಇಟ್ಟಾಗ ಎಷ್ಟು ಮುಂದೆ ಬಂದಳು ಎಂಬುದು ಕಣ್ಣಿಗೆ ಸಿಗದು. ಎರಡು ಕಣ್ಣೂ ಒಂದೇ ದೂರಕ್ಕೆ ಸ್ಪಷ್ಟವಾಗಿದ್ದರೆ ಮಾತ್ರ ಆಳದ ಅಂದಾಜು ಸರಿಯಾಗಿ ಸಿಗುತ್ತದೆ, ಮೋನೋವಿಷನ್‌ನಲ್ಲಿ ಬಿಟ್ಟುಕೊಡಬೇಕಾದದ್ದೇ ಅದನ್ನು. ಆಡ್ ಕಡಿಮೆ ಇರುವ ಶುರುವಿನ ವರ್ಷಗಳಲ್ಲಿ ಬಹಳ ಜನರಿಗೆ ಇದು ಒಗ್ಗುತ್ತದೆ, ಎರಡು ಕಣ್ಣಿನ ಅಂತರ ಹೆಚ್ಚಿದಷ್ಟೂ ಕಷ್ಟ. ಮೇಜಿನ ಮುಂದೆ ಕೂತು ಕೆಲಸ ಮಾಡುವ ನನ್ನ ತಂಗಿಗೆ ಅದೇ ಪ್ರಿಯವಾಗಿದೆ. ನನ್ನ ವೃತ್ತಿಗೆ ಆಗದು.

ಹೀಗೆ ಮಲ್ಟಿಫೋಕಲ್‌ಗೆ ಬಂದೆವು. ಇದರಲ್ಲಿ ಒಂದೇ ಲೆನ್ಸಿನೊಳಗೆ ದೂರದ ಪವರೂ ಹತ್ತಿರದ ಪವರೂ ಇರುತ್ತವೆ, ನೀರಿಗೆ ಕಲ್ಲು ಹಾಕಿದಾಗ ಏಳುವ ಉಂಗುರಗಳಂತೆ ನಡುವಿನಿಂದ ಅಂಚಿಗೆ ಪವರ್ ಬದಲಾಗುತ್ತಾ ಹೋಗುತ್ತದೆ. ಮೆತ್ತನೆಯ ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ಹತ್ತಿರದ್ದು, ಸುತ್ತ ದೂರದ್ದು. ಎರಡು ಬಿಂಬಗಳೂ ಒಟ್ಟಿಗೇ ಕಣ್ಣೊಳಗೆ ಬೀಳುತ್ತವೆ, ಬೇಕಾದ್ದನ್ನು ಆರಿಸಿಕೊಳ್ಳುವುದು ಮಿದುಳಿನ ಕೆಲಸ. ಪ್ರೊಗ್ರೆಸಿವ್ ಕನ್ನಡಕದ ಹಾಗೆ ಕೆಳಗಿನ ಭಾಗದಿಂದಲೇ ಓದಬೇಕು ಎಂಬ ಕಟ್ಟುಪಾಡಿಲ್ಲ, ತಲೆಯ ಮೇಲಿನ ಕಪಾಟಿನ ಹೆಸರೂ ಓದಬಹುದು.

ಕಂಪನಿಯಿಂದ ಕಂಪನಿಗೆ ಈ ಜೋಡಣೆ ಬೇರೆ. ಆಲ್ಕಾನ್‌ನ ಏರ್ ಆಪ್ಟಿಕ್ಸ್ ಮಲ್ಟಿಫೋಕಲ್‌ನಲ್ಲಿ ಲೋ, ಮೀಡಿಯಂ, ಹೈ ಎಂದು ಮೂರು ಹಂತದ ಆಡ್. ಬಾಷ್ ಅಂಡ್ ಲಾಂಬ್‌ನವರದು ಲೋ, ಹೈ ಎರಡೇ ಹಂತ. ಕೂಪರ್‌ವಿಷನ್‌ನ ಬಯೋಫಿನಿಟಿಯಲ್ಲಿ ನಡುವೆ ದೂರದ ಪವರ್ ಇರುವ ‘ಡಿ’, ನಡುವೆ ಹತ್ತಿರದ ಪವರ್ ಇರುವ ‘ಎನ್’ ಎಂದು ಎರಡು ವಿನ್ಯಾಸಗಳಿವೆ. ಆಡ್ ಹೆಚ್ಚಿದ್ದಾಗ ಮುಂದಾಳು ಕಣ್ಣಿಗೆ ಡಿ, ಇನ್ನೊಂದಕ್ಕೆ ಎನ್ ಹಾಕುವುದು ಅವರ ಕ್ರಮ. ಆದ್ದರಿಂದ ಒಂದು ಕಂಪನಿಯದು ಒಗ್ಗಲಿಲ್ಲವೆಂದು ಮಲ್ಟಿಫೋಕಲ್ಲೇ ಬೇಡ ಎನ್ನಬೇಡಿ, ಇನ್ನೊಂದರ ಟ್ರಯಲ್ ಕೇಳಿ. ಒಂದು ಕಂಪನಿಯ ಪೆಟ್ಟಿಗೆಯ ನಂಬರ್ ಇಟ್ಟುಕೊಂಡು ಆನ್‌ಲೈನಿನಲ್ಲಿ ಇನ್ನೊಂದು ಕಂಪನಿಯದು ತರಿಸಬೇಡಿ, ಹೊಂದುವುದಿಲ್ಲ. ಕನ್ನಡಕದ ಚೀಟಿಯೂ ಸಾಲದು. ಪವರ್ ನಾಲ್ಕು ದಾಟಿದರೆ ಕನ್ನಡಕಕ್ಕೂ ಲೆನ್ಸಿಗೂ ನಂಬರೇ ಬೇರೆ. ನನ್ನ ಎಡಗಣ್ಣಿನ ಮೈನಸ್ 4.25, ಲೆನ್ಸಿನಲ್ಲಿ ಮೈನಸ್ 4 ಆಗುತ್ತದೆ.

ಎರಡೂ ಕಣ್ಣಿಗೆ ಒಂದೇ ಹಂತದ ಆಡ್ ಹಾಕಿದಾಗ ದೂರ ಸ್ವಲ್ಪ ಮೆತ್ತಗಾಯಿತು. ಬಲಗಣ್ಣಿಗೆ ಒಂದು ಹಂತ ತಗ್ಗಿಸಿ, ಎಡಗಣ್ಣಿಗೆ ಹಾಗೇ ಬಿಟ್ಟರು. ಅಲ್ಲಿಗೆ ಕೂತಿತು. ಬರೀ 0.25 ಹೆಚ್ಚುಕಡಿಮೆ ಮಾಡಿದರೂ ಎದ್ದು ಕಾಣುತ್ತದೆ. ಪರೀಕ್ಷೆಯನ್ನು ದೊಡ್ಡ ಯಂತ್ರದ ಹಿಂದೆ ಕೂರಿಸಿ ಮಾಡದೆ, ಎರಡೂ ಕಣ್ಣು ತೆರೆದಿರುವಾಗಲೇ ಬಿಡಿ ಗಾಜುಗಳನ್ನು ಎದುರಿಗೆ ಹಿಡಿದು ಮಾಡಿದರು. ಮಲ್ಟಿಫೋಕಲ್‌ಗೆ ಇದೇ ಸರಿಯಾದ ಕ್ರಮ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಎಷ್ಟು ಕಾಣುತ್ತದೆ ಎಂದು ಪದೇ ಪದೇ ನೋಡಿಕೊಳ್ಳುವವರಿಗೆ ಈ ಲೆನ್ಸ್ ನೆಮ್ಮದಿ ಕೊಡುವುದಿಲ್ಲ. ಎರಡೂ ಸೇರಿಯೇ ಕೆಲಸ ಮಾಡಬೇಕು.

ಆಮೇಲೆ “ಹೊರಗೆ ಓಡಾಡಿಕೊಂಡು ಬನ್ನಿ” ಎಂದರು. ದೇವರಾಜ ಮಾರುಕಟ್ಟೆಗೆ ನಡೆದೆ. ಊದುಬತ್ತಿ ಪ್ಯಾಕೆಟ್ಟಿನ ಮೇಲಿನ ಬೆಲೆ ಓದಿಕೊಂಡೆ. ತಲೆಯೆತ್ತಿದರೆ ಸಾಲಿನ ಆ ತುದಿಯಲ್ಲಿ ಮಲ್ಲಿಗೆ ಮಾರುವಾಕೆ ಮೊಳ ಹಾಕುತ್ತಿರುವುದು, ಅವಳ ಬೆರಳಿನ ಉಂಗುರ ಸಮೇತ. ಎಷ್ಟೋ ಕಾಲದ ನಂತರ ಕೈಯಲ್ಲಿರುವುದೂ ಕಣ್ಣಳತೆಯ ತುದಿಯಲ್ಲಿರುವುದೂ ಒಟ್ಟಿಗೆ ಕಂಡವು. ಬಹಳ ಸಂತೋಷವಾಯಿತು.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಇವು ಯಾವುದೋ ಒಂದು ಕಂಪನಿಯವಲ್ಲ, ಈ ಬಗೆಯ ಲೆನ್ಸಿನ ಸ್ವಭಾವ. ಭಾನುವಾರ ಸಂಜೆ ಅರಮನೆಯ ದೀಪ ಹಚ್ಚುವಾಗ ಹೋಗಿದ್ದೆ. ಲಕ್ಷದ ಹತ್ತಿರ ಬಲ್ಬುಗಳು ಒಮ್ಮೆಗೇ ಹೊತ್ತಿದಾಗ ಪ್ರತಿ ಬಲ್ಬಿನ ಸುತ್ತಲೂ ಒಂದು ಪ್ರಭೆ. ಗೋಪುರದ ಅಂಚು ಕನ್ನಡಕದಲ್ಲಿ ಕಂಡಷ್ಟು ಗೆರೆ ಎಳೆದಂತೆ ಇರಲಿಲ್ಲ. ನೋಟಕ್ಕೆ ಅದೇನೂ ಕೆಡುಕಲ್ಲ, ಆದರೆ ರಾತ್ರಿ ಬೆಂಗಳೂರು ಹೆದ್ದಾರಿಯಲ್ಲಿ ಎದುರು ಬರುವ ಲಾರಿಯ ಹೆಡ್‌ಲೈಟಿಗೂ ಅದೇ ಪ್ರಭೆ ಸುತ್ತುತ್ತದೆ. ರಾತ್ರಿ ಕಾರು ಓಡಿಸುವಾಗ ನಾನು ಲೆನ್ಸ್ ತೆಗೆದು ಕನ್ನಡಕ ಹಾಕುತ್ತೇನೆ. ರಾತ್ರಿ ಗಾಡಿ ಓಡಿಸುವುದೇ ಕೆಲಸವಾಗಿರುವವರಿಗೆ ಈ ಲೆನ್ಸನ್ನು ಹೇಳಲಾರೆ.

ಮಬ್ಬು ಬೆಳಕಿನಲ್ಲಿ ಓದುವುದೂ ಕಷ್ಟ. ಕತ್ತಲಾದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಲೆನ್ಸಿನ ಅಂಚಿನ ದೂರದ ಭಾಗವೇ ಹೆಚ್ಚು ಕೆಲಸಕ್ಕೆ ಬರುತ್ತದೆ, ನಡುವಿನ ಹತ್ತಿರದ ಭಾಗದ ಪಾಲು ಇಳಿಯುತ್ತದೆ. ಕಲಾಮಂದಿರದಲ್ಲಿ ಅಭಿನಯದ ಭಾಗಕ್ಕೆ ಬೆಳಕಿನವರು ವೇದಿಕೆಯನ್ನು ನೀಲಿಗೆ ತಂದರೆ ನನ್ನ ಪುಸ್ತಕ ಮಸುಕಾಗುತ್ತದೆ. ಇದಕ್ಕೆ ಪವರ್ ಏರಿಸುವುದು ಪರಿಹಾರವಲ್ಲ. ಸ್ಟ್ಯಾಂಡಿಗೆ ಸಿಕ್ಕಿಸುವ ಸಣ್ಣ ಎಲ್‌ಇಡಿ ದೀಪ ತಂದೆ, ಪುಟದ ಮೇಲೆ ಬೆಳಕು ಬಿದ್ದದ್ದೇ ಅಕ್ಷರ ಮತ್ತೆ ನಿಂತವು. ಅಕ್ಷರವನ್ನೂ ದಪ್ಪ ಕಪ್ಪು ಪೆನ್ನಿನಲ್ಲಿ ಬರೆದುಕೊಂಡಿದ್ದೇನೆ, ತಿಳಿ ನೀಲಿ ಶಾಯಿ ಈ ಲೆನ್ಸಿಗೆ ಆಗಿಬರುವುದಿಲ್ಲ.

ನನಗೆ ಸಿಲಿಂಡರ್ ಪವರ್ (ಕಣ್ಣಿನ ಉಬ್ಬು ಎಲ್ಲ ದಿಕ್ಕಿಗೂ ಸಮನಾಗಿಲ್ಲದಿದ್ದರೆ ಬೇಕಾಗುವ ಪವರ್) ಇಲ್ಲವೆನ್ನುವಷ್ಟು ಕಡಿಮೆ. ನಿಮಗೆ 0.75ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯ ಮಲ್ಟಿಫೋಕಲ್‌ನಲ್ಲಿ ನೆರಳು ನೆರಳಾಗಿ ಕಾಣಬಹುದು. ಸಿಲಿಂಡರನ್ನೂ ಸರಿಪಡಿಸುವ ಟೋರಿಕ್ ಮಲ್ಟಿಫೋಕಲ್ ಕೇಳಬೇಕು, ಅದರಲ್ಲಿ ಆಯ್ಕೆ ಕಡಿಮೆ.

ನೃತ್ಯದವರಿಗೆ ಒಂದೆರಡು ಮಾತು. ಲೆನ್ಸ್ ಮೊದಲು, ಮೇಕಪ್ ಆಮೇಲೆ. ತೆಗೆಯುವಾಗಲೂ ಹಾಗೆಯೇ, ಮೊದಲು ಲೆನ್ಸ್, ಆಮೇಲೆ ಮುಖ. ಬೆರಳ ತುದಿಗೆ ಆಲ್ತಾ ಹಚ್ಚಿದ ಮೇಲಂತೂ ಲೆನ್ಸ್ ಮುಟ್ಟಲೇಬಾರದು. ಒದ್ದೆ ಬೆರಳಿಗೆ ಬಣ್ಣ ಬಿಟ್ಟು ಲೆನ್ಸಿಗೆ ಹತ್ತಿದರೆ ಆ ಲೆನ್ಸ್ ಎಸೆಯಬೇಕಾದ್ದೇ. ಕಾಡಿಗೆಯನ್ನು ರೆಪ್ಪೆಯ ಹೊರಗೆ ಎಳೆಯಿರಿ, ಒಳ ಅಂಚಿಗೆ ಬೇಡ. ಗ್ರೀನ್ ರೂಮಿನ ನಲ್ಲಿ ನೀರಿನಲ್ಲಿ ಲೆನ್ಸ್ ತೊಳೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ದಯವಿಟ್ಟು ಮಾಡಬೇಡಿ. ನೀರಿನಲ್ಲಿರುವ ಅಕಾಂಥಮೀಬಾ ಎಂಬ ಜೀವಿ ಕಾರ್ನಿಯಾಕ್ಕೆ ಹತ್ತಿದರೆ ದೃಷ್ಟಿಯೇ ಹೋಗಬಹುದು. ಸೊಲ್ಯೂಷನ್‌ನಲ್ಲೇ ಉಜ್ಜಿ ತೊಳೆಯಬೇಕು, ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು. ನಮ್ಮ ವಯಸ್ಸಿಗೆ ಕಣ್ಣು ಒಣಗುವುದೂ ಹೆಚ್ಚು, ಏಸಿ ಸಭಾಂಗಣದಲ್ಲಿ ಇನ್ನಷ್ಟು. ಲೆನ್ಸಿನ ಮೇಲೆ ಹಾಕಬಹುದಾದ ಹನಿ ಯಾವುದೆಂದು ಕೇಳಿ ತಂದಿಟ್ಟುಕೊಳ್ಳಿ.

ಹನಿಯ ಮಾತು ಬಂದಾಗ ಇನ್ನೊಂದು. ಚಾಳೀಸು ಹೋಗಲಾಡಿಸುವ ಹನಿ ಬಂದಿದೆಯಂತೆ ಎಂದು ಪೋಷಕರು ಈಗಲೂ ಸುದ್ದಿ ಕಳಿಸುತ್ತಾರೆ. ಪೈಲೋಕಾರ್ಪಿನ್ ಇರುವ ಅಂಥ ಹನಿಗೆ ನಮ್ಮಲ್ಲಿ 2024ರಲ್ಲಿ ಅನುಮತಿ ಸಿಕ್ಕಿತ್ತು, ಕಂಪನಿ ಮಾಡಿದ ಪ್ರಚಾರದ ಕಾರಣಕ್ಕೆ ಅದೇ ಸೆಪ್ಟೆಂಬರಿನಲ್ಲಿ ಔಷಧ ನಿಯಂತ್ರಕರು ಆ ಅನುಮತಿಯನ್ನು ತಡೆಹಿಡಿದರು. ಅದು ಪಾಪೆಯನ್ನು ಕೆಲವು ಗಂಟೆ ಕಿರಿದಾಗಿಸಿ ಹತ್ತಿರದ್ದನ್ನು ಕಾಣಿಸುತ್ತದೆ, ಗಡುಸಾದ ಮಸೂರವನ್ನು ಮೆತ್ತಗೆ ಮಾಡುವುದಿಲ್ಲ. ಡಾಕ್ಟರ್ ಹೇಳದೆ ಯಾವ ಹನಿಯನ್ನೂ ಹಾಕಿಕೊಳ್ಳಬೇಡಿ.

ಖರ್ಚಿನ ವಿಷಯ: ಮೊದಲಿನ ಮಾಮೂಲಿ ತಿಂಗಳ ಲೆನ್ಸಿಗೆ ಆಗುತ್ತಿದ್ದುದಕ್ಕಿಂತ ನನಗೆ ಎರಡು ಪಟ್ಟು ಮೀರುತ್ತಿದೆ. ತಿಂಗಳ ಲೆನ್ಸ್ ಅಂದರೆ ಪ್ಯಾಕ್ ಬಿಚ್ಚಿದಂದಿನಿಂದ ತಿಂಗಳು, ಹಾಕಿಕೊಂಡ ದಿನಗಳ ಲೆಕ್ಕವಲ್ಲ. ಕಾರ್ಯಕ್ರಮದ ದಿನ ಮಾತ್ರ ಬೇಕಾದವರು ದಿನಕ್ಕೊಂದು ಜೊತೆ ಬಳಸಿ ಎಸೆಯುವುದನ್ನೇ ತೆಗೆದುಕೊಳ್ಳಲಿ, ಲೆಕ್ಕದಲ್ಲೂ ಅದೇ ಉಳಿತಾಯ, ಶುಚಿಯೂ ಹೌದು. ಟ್ರಯಲ್ ಜೊತೆಯನ್ನು ಕ್ಲಿನಿಕ್ಕಿನಲ್ಲಿ ಹಾಕಿ ತೆಗೆದು ತೀರ್ಮಾನಿಸಬೇಡಿ. ಮಿದುಳು ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು, ಅಷ್ಟು ದಿನ ಹಾಕಿಕೊಳ್ಳಲು ಕೊಡುವವರ ಹತ್ತಿರವೇ ಹೋಗಿ.

ಆಡ್ ಇಲ್ಲಿಗೇ ನಿಲ್ಲುವುದಿಲ್ಲ, 60ರ ಆಸುಪಾಸಿನವರೆಗೂ ಏರಿ 2.50ರ ಹತ್ತಿರ ನಿಲ್ಲುತ್ತದೆ. ವರ್ಷಕ್ಕೊಮ್ಮೆ ತೋರಿಸಿ ಹಂತ ಬದಲಾಯಿಸಿಕೊಳ್ಳಬೇಕು. ಮಕ್ಕಳ ಕಣ್ಣಿಗೆ ಕಾಡಿಗೆ ತಿದ್ದಲು ಮಾತ್ರ +1.00 ಓದುವ ಕನ್ನಡಕವೊಂದನ್ನು ಮೇಕಪ್ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಲೆನ್ಸಿನ ಮೇಲೆ ಅದನ್ನು ಏರಿಸಿ, ಮಗುವಿನ ಮುಖವನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಗೆರೆ ನೇರ ಬರುತ್ತದೆ.