ಒಂದೇ ಲೆಕ್ಕಪಟ್ಟಿ, ಮೂರು ತಂತ್ರಾಂಶ: ಕೋಷ್ಟಕದ ಅಂದದ ಹೋಲಿಕೆ

ಅಪಾರ್ಟ್‌ಮೆಂಟ್ ಸಂಘದ ಜಮಾ-ಖರ್ಚಿನ ಒಂದೇ ಪಟ್ಟಿಯನ್ನು ಎಕ್ಸೆಲ್, ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್ ಕ್ಯಾಲ್ಕ್ ಮೂರರಲ್ಲೂ ಸಿದ್ಧಪಡಿಸಿ ನೋಡಿದೆ. ಬಣ್ಣ ತುಂಬುವುದು ಎಲ್ಲದರಲ್ಲೂ ಸುಲಭವೇ. ನಡುವೆ ಸಾಲು ಸೇರಿಸಿದಾಗ, ದಿನಾಂಕದ ಪ್ರಕಾರ ವಿಂಗಡಿಸಿದಾಗ, ಬಾಕಿ ಉಳಿಸಿಕೊಂಡವರನ್ನು ಮಾತ್ರ ಫಿಲ್ಟರ್ ಮಾಡಿದಾಗ ಆ ಅಂದ ಉಳಿಯುತ್ತದೆಯೇ ಎಂಬುದನ್ನೇ ನಾನು ಒರೆಗಲ್ಲಾಗಿ ಇಟ್ಟುಕೊಂಡೆ.

ಈ ಪರೀಕ್ಷೆಯಲ್ಲಿ ಎಕ್ಸೆಲ್ ಸ್ಪಷ್ಟವಾಗಿ ಮುಂದಿದೆ. ಕಂಟ್ರೋಲ್ ಜೊತೆ ಟಿ ಒತ್ತಿದರೆ ಪಟ್ಟಿಯು ಕೋಷ್ಟಕವಾಗುತ್ತದೆ. ತೆಳು, ಮಧ್ಯಮ, ಗಾಢ ಎಂಬ ಮೂರು ಗುಂಪುಗಳಲ್ಲಿ 60 ಸಿದ್ಧ ಶೈಲಿಗಳು ದೊರೆಯುತ್ತವೆ. ಪಟ್ಟೆಗಳ ಬಣ್ಣ ಇಲ್ಲಿ ಒಂದೊಂದು ಸೆಲ್‌ಗೆ ಅಂಟಿಕೊಂಡಿರದೆ ಇಡೀ ಕೋಷ್ಟಕಕ್ಕೆ ಸೇರಿರುವುದರಿಂದ, ಸಾಲುಗಳು ಹೇಗೆ ಸ್ಥಳ ಬದಲಿಸಿದರೂ, ಕೆಲವು ಮರೆಯಾದರೂ, ಕಣ್ಣಿಗೆ ಕಾಣುವ ಸಾಲುಗಳಿಗೆ ಪಟ್ಟೆ ಹೊಸದಾಗಿ ಹೊಂದಿಕೊಳ್ಳುತ್ತದೆ. ಒಟ್ಟು ಮೊತ್ತದ ಸಾಲೂ ಸಬ್‌ಟೋಟಲ್ ಸೂತ್ರವನ್ನು ಬಳಸುವುದರಿಂದ ಫಿಲ್ಟರ್‌ನಲ್ಲಿ ಉಳಿದ ಮೊತ್ತವನ್ನಷ್ಟೇ ಕೂಡುತ್ತದೆ. ಮೊದಲೇ ಕೈಯಾರೆ ಬಣ್ಣ ತುಂಬಿದ ಸೆಲ್‌ಗಳಿದ್ದರೆ ಮಾತ್ರ ಆ ಹಳೆಯ ಬಣ್ಣ ಶೈಲಿಯನ್ನು ಮುಚ್ಚಿಬಿಡುತ್ತದೆ, ಹಾಗಾಗಿ ಅದನ್ನು ಅಳಿಸಿಯೇ ಶೈಲಿ ಹಚ್ಚಬೇಕು. ಕೋಷ್ಟಕದೊಳಗೆ ಸೆಲ್‌ಗಳನ್ನು ವಿಲೀನಗೊಳಿಸಲು ಬಾರದು ಎಂಬುದು ಹಲವರ ದೂರು. ಲೆಕ್ಕದ ಪಟ್ಟಿಗೆ ಅದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ.

ಗೂಗಲ್ ಶೀಟ್ಸ್‌ನಲ್ಲಿ ಬಹುಕಾಲ ಇದ್ದದ್ದು ಸಾಲುಬಿಟ್ಟು ಸಾಲಿಗೆ ಬಣ್ಣ ಹಾಕುವ ಸೌಲಭ್ಯ ಮಾತ್ರ. ನಿಜವಾದ ಕೋಷ್ಟಕ ಬಂದದ್ದು 2024ರಲ್ಲಿ. ಅಲಂಕಾರದ ಆಯ್ಕೆಗಳು ಕಡಿಮೆಯಾದರೂ, ಪ್ರತಿ ಕಾಲಂಗೆ ದಿನಾಂಕ, ಸಂಖ್ಯೆ, ಡ್ರಾಪ್‌ಡೌನ್ ಎಂಬಂತೆ ಬಗೆಯನ್ನು ಗೊತ್ತುಪಡಿಸಬಹುದಾದ್ದರಿಂದ ಹಲವರು ಒಟ್ಟಿಗೆ ತುಂಬುವ ಪಟ್ಟಿಗೆ ಇದು ಹೇಳಿ ಮಾಡಿಸಿದಂತಿದೆ.

ಕ್ಯಾಲ್ಕ್‌ನ ಆಟೋಫಾರ್ಮ್ಯಾಟ್ ಒಮ್ಮೆ ಬಣ್ಣ ಹಚ್ಚಿ ಸುಮ್ಮನಾಗುತ್ತದೆ. ಆಮೇಲೆ ನಡುವೆ ಸಾಲು ಸೇರಿಸಿದರೆ ಒಂದೇ ಬಣ್ಣದ ಎರಡು ಸಾಲುಗಳು ಅಕ್ಕಪಕ್ಕ ಬರುತ್ತವೆ. ಸಾಲಿನ ಸಂಖ್ಯೆ ಸಮವೇ ಬೆಸವೇ ಎಂದು ನೋಡುವ ಷರತ್ತಿನ ಫಾರ್ಮ್ಯಾಟಿಂಗ್ ಹಾಕಿದರೆ ಆ ತೊಂದರೆ ತಪ್ಪುತ್ತದೆ, ಆದರೆ ಫಿಲ್ಟರ್ ಮಾಡಿದಾಗ ಪಟ್ಟೆ ಮತ್ತೆ ಕೆಡುತ್ತದೆ. ಇದಕ್ಕೆ ಬದಲಾಗಿ ಕ್ಯಾಲ್ಕ್‌ನ ಬಲವಿರುವುದು ಹೆಸರಿಟ್ಟ ಸೆಲ್ ಶೈಲಿಗಳಲ್ಲಿ: ‘ಬಾಕಿ’ ಎಂಬ ಶೈಲಿಯನ್ನು ಒಂದೆಡೆ ತಿದ್ದಿದರೆ ಫೈಲಿನ ಎಲ್ಲ ಹಾಳೆಗಳಲ್ಲೂ ಅದು ಬದಲಾಗುತ್ತದೆ. ಎಕ್ಸೆಲ್‌ನಲ್ಲೂ ಸೆಲ್ ಶೈಲಿಗಳಿವೆ, ಆದರೆ ಅವನ್ನು ಬಳಸುವವರು ನನಗೆ ಹೆಚ್ಚು ಕಂಡಿಲ್ಲ.

ಲಕ್ಷ-ಕೋಟಿಯ ಅಲ್ಪವಿರಾಮದಲ್ಲಿ ಕ್ಯಾಲ್ಕ್ ಎಕ್ಸೆಲ್‌ಗಿಂತ ಮೇಲು. ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ಭಾರತದ್ದಾಗಿದ್ದರೆ ಎಕ್ಸೆಲ್ 12,50,000 ಎಂದೇ ತೋರಿಸುತ್ತದೆ, ಆದರೆ ಅದೇ ಫೈಲು ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ 1,250,000 ಆಗಿಬಿಡುತ್ತದೆ. ಕ್ಯಾಲ್ಕ್‌ನಲ್ಲಿ ಸೆಲ್‌ನ ಭಾಷೆಯನ್ನು ಭಾರತದ ಇಂಗ್ಲಿಷ್ ಎಂದು ಆರಿಸಿದರೆ ಆ ಗುರುತು ಫೈಲಿನೊಂದಿಗೇ ಸಾಗುತ್ತದೆ.

ಕನ್ನಡದ ಹೆಸರುಗಳಿರುವ ಪಟ್ಟಿಯಲ್ಲಿ ಮೂರಕ್ಕೂ ಅನ್ವಯಿಸುವ ಎಚ್ಚರಿಕೆ ಒಂದಿದೆ: ಸಾಲಿನ ಎತ್ತರವನ್ನು ಅಂದಕ್ಕಾಗಿ ಬಿಗಿಗೊಳಿಸಿದರೆ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಕಪ್ಪು-ಬಿಳುಪು ಮುದ್ರಣಕ್ಕೂ ಗಾಢ ಶೈಲಿಗಳು ಒಗ್ಗುವುದಿಲ್ಲ. ಸಂಘದ ಸೂಚನಾ ಫಲಕಕ್ಕೆ ಹಾಕುವ ಪ್ರತಿಗೆ ನಾನು ಎಕ್ಸೆಲ್‌ನ ತೆಳು ಶೈಲಿಯನ್ನೇ ಆರಿಸಿ, ಶೀರ್ಷಿಕೆಯ ಸಾಲು ಪ್ರತಿ ಪುಟದಲ್ಲೂ ಮೂಡುವಂತೆ ಪ್ರಿಂಟ್ ಟೈಟಲ್ಸ್‌ನಲ್ಲಿ ಗೊತ್ತುಪಡಿಸಿದ್ದೇನೆ.